ಮತ್ಸರನಿಗೆ ಅರ್ಥ ಹೇಳಿದ ಮಧ್ಯಾಹ್ನ

2015ರ ಮಳೆಗಾಲ, ಆಟಿ ತಿಂಗಳ ಒಂದು ಭಾನುವಾರ, ಮಧ್ಯಾಹ್ನದ ಊಟವಾದ ಮೇಲೆ, ಬೆಳ್ಳೂರು ಪಂಚಾಯತಿನ ಒಂದು ಭಜನಾ ಮಂದಿರದ ವೇದಿಕೆಯಲ್ಲಿ ಭಾಗವತನಾಗಿ ನಾನಿದ್ದೆ. ನಿಂತಿರಲಿಲ್ಲ, ಕೂತಿದ್ದೆ. ಹಿಂದಿನ ಗೋಡೆಗೆ ಒಂದು ಮೊಳ ಬಿಟ್ಟು, ಚಾಪೆಯ ನಟ್ಟನಡುವೆ. ನನ್ನ ಪಕ್ಕದಲ್ಲಿ ಮದ್ದಳೆಗಾರ. ಮುಂದೆ ಬಲಗಡೆ ಕಿರಿಯ ಅರ್ಥಧಾರಿ, ಎಡಗಡೆ ಅವನಿಗೆ ಎದುರಾಗಿ ಹಿರಿಯ ಅರ್ಥಧಾರಿ. ಇಬ್ಬರ ಮುಖವೂ ನನಗೆ ಪೂರ್ತಿಯಾಗಿ ಕಾಣುತ್ತಿರಲಿಲ್ಲ. ಒಬ್ಬೊಬ್ಬರ ಒಂದು ಕೆನ್ನೆ, ಒಂದು ಕಣ್ಣು ಕಾಣುತ್ತಿತ್ತು. ಸಭೆ ಮಾತ್ರ ಪೂರ್ತಿ ಕಾಣುತ್ತಿತ್ತು.

ಇದನ್ನು ಮೊದಲೇ ಹೇಳಲು ಕಾರಣವಿದೆ. ಆ ಮಧ್ಯಾಹ್ನದ ಬಗ್ಗೆ ಈಗ ಮಾತಾಡುವವರಲ್ಲಿ ಹೆಚ್ಚಿನವರು ಅಲ್ಲಿರಲಿಲ್ಲ. ಅವರು ಫೋನಿನಲ್ಲಿ ನೋಡಿದವರು.

ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತ ಒಂದು ಪದ್ಯ ಹಾಡುತ್ತಾನೆ. ಆ ಪದ್ಯದ ಪಾತ್ರವನ್ನು ವಹಿಸಿದ ಅರ್ಥಧಾರಿ, ಪಂಚೆ ಶಾಲಿನಲ್ಲಿ ಕೂತಲ್ಲೇ, ಆ ಪಾತ್ರವಾಗಿ ಮಾತಾಡುತ್ತಾನೆ. ಬರೆದಿಟ್ಟ ಮಾತು ಇಲ್ಲ. ಎದುರಿನವನು ಏನು ಕೇಳುತ್ತಾನೆ ಎಂದು ಇವನಿಗೆ ಗೊತ್ತಿಲ್ಲ. ಮಾತು ಮುಗಿಸುವಾಗ ಮುಂದಿನ ಪದ್ಯಕ್ಕೆ ಕೊಂಡಿಯಾಗುವ ಒಂದು ವಾಕ್ಯ ಹೇಳಿ ಭಾಗವತನ ಕಡೆ ನೋಡುತ್ತಾನೆ. ಆಗ ನಾನು ಜಾಗಟೆ ತಟ್ಟಿ ಪದ್ಯ ಎತ್ತಬೇಕು. ಮಾತು ದಾರಿ ತಪ್ಪಿದರೆ ಕೊಂಡಿ ಬರುವ ಮೊದಲೇ ಎತ್ತುವ ಅಧಿಕಾರವೂ ಭಾಗವತನಿಗಿದೆ. ಆದರೆ ಹಿರಿಯರ ಮಾತಿನ ನಡುವೆ ಜಾಗಟೆ ತಟ್ಟುವ ಭಾಗವತನನ್ನು ಮುಂದಿನ ಕೂಟಕ್ಕೆ ಯಾರೂ ಕರೆಯುವುದಿಲ್ಲ.

ಆ ದಿನದ ಪ್ರಸಂಗ ಹೊಸದು. ಬರೆದವರು ನಮ್ಮ ಕಡೆಯ ಒಬ್ಬ ಹೋಮಿಯೋಪತಿ ಡಾಕ್ಟರು. ಪುರಾಣದ ಕಥೆಯಲ್ಲ, ಗುಣಗಳನ್ನೇ ಪಾತ್ರ ಮಾಡಿದ ಕಥೆ. ಸುಜನನೆಂಬ ರಾಜ, ಅವನ ಮಂತ್ರಿ ವಿವೇಕ. ಕಾಮ, ಕ್ರೋಧಗಳೆಲ್ಲ ಡಂಗುರ ಸಾರಿಕೊಂಡು ದಂಡೆತ್ತಿ ಬಂದಾಗ ವಿವೇಕ ಅವರನ್ನು ಬಾಗಿಲಲ್ಲೇ ತಡೆಯುತ್ತಾನೆ. ಕೊನೆಗೆ ಮತ್ಸರ ಬರುತ್ತಾನೆ, ಒಬ್ಬನೇ, ಬರಿಗೈಯಲ್ಲಿ, ಅತಿಥಿಯಾಗಿ. ಅವನನ್ನು ತಡೆಯಲು ಯಾರಿಗೂ ತೋಚುವುದಿಲ್ಲ.

ಡಾಕ್ಟರು ಪ್ರತಿಯನ್ನು ನನ್ನ ಕೈಗೆ ಕೊಟ್ಟ ದಿನ ಹೇಳಿದ್ದರು: "ಭಾಗವತ್ರೆ, ನಮ್ಮ ಕಥೆಗಳಲ್ಲಿ ಕೆಟ್ಟದ್ದು ಬರುವಾಗ ಕೋರೆಹಲ್ಲು ಇಟ್ಟುಕೊಂಡು ಬರ್ತದೆ. ನನ್ನ ಹತ್ರ ಮದ್ದಿಗೆ ಬರುವವರಲ್ಲಿ ಒಬ್ಬನಿಗೂ ಕೋರೆಹಲ್ಲು ಕಾಣ್ಲಿಲ್ಲ. ಎಲ್ಲ ಒಳ್ಳೆ ಜನವೇ. ಹಾಗಾದ್ರೆ ಈ ಊರಿನಲ್ಲಿ ಆಗುವ ಕೆಟ್ಟದ್ದೆಲ್ಲ ಯಾರು ಮಾಡುವುದು ಮಾರಾಯ್ರೆ?"

ಹೊಸ ಪ್ರಸಂಗವಾದ್ದರಿಂದ ಪಾತ್ರ ಹಂಚಲಿಕ್ಕೆ, ಪದ್ಯ ಆರಿಸಲಿಕ್ಕೆ ಒಂದು ಸಂಜೆ ಡಾಕ್ಟರ ಕ್ಲಿನಿಕ್ಕಿನ ಜಗಲಿಯಲ್ಲಿ ಸೇರಿದೆವು. ಹಿರಿಯ ಅರ್ಥಧಾರಿ ಬಂದರು. ನಿವೃತ್ತ ಮಾಷ್ಟ್ರು. ನಮ್ಮ ಕಡೆ ಅರ್ಥದಲ್ಲಿ ಅವರ ಸಮಕ್ಕೆ ಬರುವವರು ಬಹಳ ಕಾಲ ಯಾರೂ ಇರಲಿಲ್ಲ. ಕಿರಿಯವನೂ ಬಂದ. ಅವನಿಗೆ ಪೇಟೆಯಲ್ಲಿ ನೀರಿನ ಮೋಟಾರು ರಿಪೇರಿಯ ಅಂಗಡಿ. ಶಾಲೆಯಲ್ಲೂ ಅರ್ಥದಲ್ಲೂ ಮಾಷ್ಟ್ರ ಶಿಷ್ಯ. ಒಂದೆರಡು ವರ್ಷಗಳಿಂದ ಜನ ಅವನ ಹೆಸರು ನೋಡಿ ಕೂಟಕ್ಕೆ ಬರುತ್ತಿದ್ದರು.

"ಸುಜನ ಮಾಷ್ಟ್ರು, ಮತ್ಸರ ಇವ," ಎಂದರು ಡಾಕ್ಟರು. "ವಿವೇಕ ನಾನೇ ಹೇಳ್ತೇನೆ."

"ಅಲ್ಲ," ಎಂದರು ಮಾಷ್ಟ್ರು. "ಮತ್ಸರ ನಾನು."

ಎಲ್ಲರೂ ಅವರ ಮುಖ ನೋಡಿದೆವು. ಅವರು ಯಾವತ್ತೂ ರಾಜ ಪಾತ್ರ ಬಿಟ್ಟು ಕೊಟ್ಟವರಲ್ಲ.

"ಎಂತ ನೋಡುವುದು? ಇವ ಈಗ ದೊಡ್ಡ ಜನ ಅಲ್ಲವಾ. ಎಡನೀರಿನಲ್ಲಿ ಈ ಸಲ ಮೊದಲ ದಿನದ ಅರ್ಥ ಇವನದ್ದಂತೆ. ದೊಡ್ಡವರಿಗೆ ದೊಡ್ಡ ಪಾತ್ರ."

"ಎಂತ ಮಾಷ್ಟ್ರೆ ನೀವು," ಎಂದ ಅವನು. "ನಾನು ನಿಮ್ಮ ಕೈಕೆಳಗೆ ಕಲಿತವ."

"ಕೈಕೆಳಗೆ ಇದ್ದವ ಹೆಗಲಿಗೆ ಹತ್ತಿ ಆಯ್ತು. ಇನ್ನು ತಲೆ ಮೇಲೆ ಕೂರುವುದೊಂದು ಬಾಕಿ."

ಮಾಷ್ಟ್ರು ನಕ್ಕರು. ನಾವೆಲ್ಲ ನಕ್ಕೆವು. ಎಡನೀರು ಮಠದ ಕೂಟದಲ್ಲಿ ಮೊದಲ ದಿನದ ಆ ಜಾಗ ಅದಕ್ಕಿಂತ ಮೊದಲು ಎಷ್ಟೋ ವರ್ಷ ಮಾಷ್ಟ್ರದ್ದಾಗಿತ್ತು ಎಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ಆಮೇಲೆ ಅವರು ಡಾಕ್ಟರಿಗೆ ಒಂದು ಮಾತು ಹೇಳಿದರು. ಅದು ನನಗೆ ಅಕ್ಷರಶಃ ನೆನಪಿದೆ. "ಒಂದು ತೊಂದರೆ ಉಂಟು ಡಾಕ್ಟ್ರೆ. ಪುರಾಣದ ರಾಕ್ಷಸನಿಗೆ ಅಮ್ಮ ಇದ್ದಾಳೆ, ತಂಗಿ ಇದ್ದಾಳೆ, ಒಂದು ಶಾಪ ಉಂಟು, ಒಂದು ಅವಮಾನ ಉಂಟು. ಅದನ್ನು ಹಿಡ್ಕೊಂಡು ಅರ್ಥ ಹೇಳಬಹುದು. ನಿಮ್ಮ ಮತ್ಸರನಿಗೆ ಎಂತ ಉಂಟು? ಮನೆ ಇಲ್ಲ, ಊರಿಲ್ಲ. ಬರೀ ಹೆಸರು. ಹೆಸರಿಗೆ ರಕ್ತ ಎಲ್ಲಿಂದ ತರುವುದು?"

"ಅದು ನಿಮ್ಮ ಕೆಲಸ," ಎಂದರು ಡಾಕ್ಟರು. "ನೀವು ತರ್ತೀರಿ."

ಪದ್ಯ ಆರಿಸುವಾಗ ಮಾಷ್ಟ್ರು ಕೊನೆಯ ಪದ್ಯ ಬಿಡಬೇಕೆಂದರು. ಡಾಕ್ಟರು ಬರೆದಂತೆ, ಮತ್ಸರ "ಗೆದ್ದೆನು" ಎಂದು ಮೆರೆಯುವ ಪದ್ಯದ ಮೇಲೆ ಸುಜನನ ಒಂದು ಪದ್ಯವಿತ್ತು. ಅದರಲ್ಲಿ ಸುಜನ ಮತ್ಸರನನ್ನು ಕೊಲ್ಲುವುದಿಲ್ಲ, ಓಡಿಸುವುದೂ ಇಲ್ಲ. ಒಳಗೆ ಕರೆದು ಎದುರಿಗೆ ಕೂರಿಸಿ ಉಣಬಡಿಸುತ್ತಾನೆ. ಉಂಡ ಮನೆಯವನನ್ನು ಕೊಲ್ಲಲಾಗದೆ ಮತ್ಸರ ಅಲ್ಲೇ ಕಟ್ಟುಬೀಳುತ್ತಾನೆ.

"ಅದು ಉಪದೇಶ ಆಯ್ತು," ಎಂದರು ಮಾಷ್ಟ್ರು. "ಜನ ಛತ್ರಿ ಹುಡುಕ್ಲಿಕ್ಕೆ ಶುರು ಮಾಡ್ತಾರೆ. ಮತ್ಸರ ಗೆದ್ದಲ್ಲಿಗೆ ಮಂಗಳ ಹಾಡಿ ಬಿಡಿ. ಅದೇ ಸತ್ಯ ಅಲ್ಲವಾ?"

"ಅಷ್ಟು ಬಿಟ್ರೆ ಮತ್ತೆ ಪ್ರಸಂಗದಲ್ಲಿ ಎಂತ ಉಳಿಯಿತು," ಎಂದು ಡಾಕ್ಟರು ಗೊಣಗಿದರು. ಆದರೆ ಮಾಷ್ಟ್ರು ಮೊದಲ ಸಲ ಅವರ ಪ್ರಸಂಗಕ್ಕೆ ಅರ್ಥ ಹೇಳುತ್ತಿದ್ದರು. ಡಾಕ್ಟರು ಅದನ್ನು ಕಳೆದುಕೊಳ್ಳಲು ತಯಾರಿರಲಿಲ್ಲ.

"ಭಾಗವತ್ರಿಗೆ ಎಂತ?" ಎಂದು ಮಾಷ್ಟ್ರು ಕೇಳಿದರು, ಕೇಳುವ ಮೊದಲೇ ಏಳುತ್ತ.

"ಆಗಲಿ," ಎಂದೆ.

ಆ ಪದ್ಯಕ್ಕೆ ನೀಲಾಂಬರಿ ರಾಗದಲ್ಲಿ ಧಾಟಿ ಕೂರಿಸಿದವನು ನಾನು. ಹದಿನೈದು ದಿನ ಅದನ್ನು ಗುನುಗಿ ಗುನುಗಿ, ಎಲ್ಲಿ ಉಸಿರು ತೆಗೆಯಬೇಕು ಎಂದು ಹುಡುಕಿದ್ದೆ. ಆ ಪ್ರಸಂಗದಲ್ಲಿ ನನ್ನದು ಎಂದು ಹೇಳಬಹುದಾದದ್ದು ಅದೊಂದೇ. ಅದು ಹೋಯಿತು. ಯಾರಿಗೂ ಅದು ಹೋದದ್ದು ಗೊತ್ತಾಗಲಿಲ್ಲ.

ಇಲ್ಲಿ ನನ್ನ ಬಗ್ಗೆ ಒಂದು ವಿಷಯ ಹೇಳದಿದ್ದರೆ ಸಾಕ್ಷಿ ಅರ್ಧವಾಗುತ್ತದೆ. ಆ ವರ್ಷಗಳಲ್ಲಿ ಕೂಟಗಳನ್ನು ಫೋನಿನಲ್ಲಿ ಹಿಡಿದು ವಾಟ್ಸಾಪಿನಲ್ಲಿ ಹಂಚುವುದು ಶುರುವಾಗಿತ್ತು. ನಮ್ಮ ಕಡೆ ಅದನ್ನು ಮಾಡುತ್ತಿದ್ದವರು ಒಬ್ಬ ಫೊಟೊ ಸ್ಟುಡಿಯೋದವರು, ಒಳ್ಳೆಯ ಮನುಷ್ಯ. ಅವರು ಕಿರಿಯವನು ಬಾಯಿ ತೆರೆದ ಕೂಡಲೇ ಫೋನ್ ಎತ್ತುತ್ತಿದ್ದರು, ನಾನು ಪದ್ಯ ಎತ್ತಿದ ಕೂಡಲೇ ಕಿಸೆಗೆ ಹಾಕುತ್ತಿದ್ದರು. "ಪದ್ಯ ಉದ್ದ ಆಗ್ತದೆ ಭಾಗವತ್ರೆ, ಜನ ನೋಡುವುದಿಲ್ಲ," ಎಂದು ನನ್ನಲ್ಲೇ ಹೇಳಿದ್ದರು. ಆ ತುಣುಕುಗಳಲ್ಲಿ ಅವನ ಮಾತು ಎಲ್ಲಿಂದಲೋ ಹುಟ್ಟಿ ಎಲ್ಲಿಗೋ ಹೋಗುವಂತೆ ಕಾಣುತ್ತಿತ್ತು. ನನ್ನ ಜಾಗಟೆಯ ಮೊದಲ ಪೆಟ್ಟು ಮಾತ್ರ ಕೊನೆಯಲ್ಲಿ ಕೇಳುತ್ತಿತ್ತು, ಬಾಗಿಲು ಮುಚ್ಚಿದ ಶಬ್ದದ ಹಾಗೆ. ನನ್ನ ಹೆಂಡತಿಯ ಅಣ್ಣ ಗಲ್ಫಿನಿಂದ ಫೋನ್ ಮಾಡಿ, "ಆ ಹುಡುಗನ ಅರ್ಥ ಎಂತ ಮಾರಾಯ! ಭಾಗವತ ಯಾರು ಅವತ್ತು?" ಎಂದು ನನ್ನನ್ನೇ ಕೇಳಿದ್ದ. ನನಗೆ ಕಿರಿಯವನ ಮೇಲೆ ಹೊಟ್ಟೆಕಿಚ್ಚು ಇತ್ತು. ಮಾಷ್ಟ್ರ ಮೇಲೂ ಇತ್ತು, ಅವರು ಎದ್ದುಕೊಂಡು ಕೇಳಿದ ರೀತಿಯಿಂದ. ವೇದಿಕೆಯಲ್ಲಿ ಮತ್ಸರನ ಪಾತ್ರವನ್ನು ಒಬ್ಬರಿಗೆ ಹಂಚಿದ್ದರು. ಹಂಚದೆಯೇ ಸಿಕ್ಕವರು ಬೇರೆಯೂ ಇದ್ದೆವು.

ಇನ್ನೊಂದು ವಿಷಯ ಅದಕ್ಕಿಂತ ಕೆಲವು ವರ್ಷ ಹಿಂದಿನದು. ಪುತ್ತೂರು ಕಡೆಯ ಒಂದು ಕೂಟ ಮುಗಿಸಿ ಮಾಷ್ಟ್ರು, ಕಿರಿಯವನು ಮತ್ತು ನಾನು ಬೆಳಿಗ್ಗೆ ಬದಿಯಡ್ಕದ ಬಸ್‌ಸ್ಟಾಂಡಿನ ಹತ್ತಿರ ಚಹಾ ಕುಡಿಯುತ್ತ ಕೂತಿದ್ದೆವು. ಯಾವುದೋ ಮಾತಿಗೆ ಮಾಷ್ಟ್ರು ಕಿರಿಯವನ ಅಣ್ಣನ ನೆನಪು ತೆಗೆದರು. ಅಣ್ಣನೂ ಮಾಷ್ಟ್ರ ಶಿಷ್ಯನೇ. ಅರ್ಥದಲ್ಲಿ ಬಹಳ ಮುಂದೆ ಬರುವವನೆಂದು ಎಲ್ಲರೂ ಹೇಳುತ್ತಿದ್ದ ಹುಡುಗ. ಹಾವು ಕಚ್ಚಿ ತೀರಿಹೋಗಿದ್ದ. ಕಿರಿಯವನು ಚಹಾದ ಗ್ಲಾಸನ್ನು ಕೆಳಗಿಟ್ಟು ಹೇಳಿದ:

"ಜೀಪು ಕರೀಲಿಕ್ಕೆ ಅಮ್ಮ ನನ್ನನ್ನು ಕಳಿಸಿದ್ದು ಮಾಷ್ಟ್ರೆ. ಓಡು ಅಂತ ಹೇಳಿದ್ಳು. ಮನೆ ಕಾಣುವಷ್ಟು ದೂರ ಓಡಿದೆ. ಆಮೇಲೆ ನಡೆದೆ. ಹಿಂದಿನ ದಿನ ನೀವು ಎಲ್ಲರೆದುರು ಅವನನ್ನು ಹೊಗಳಿದ್ದಿರಿ. ನಂಗೆ ಎಂತ ಆಯ್ತು ಅಂತ ಇವತ್ತಿಗೂ ಗೊತ್ತಿಲ್ಲ. ಓಡಬಹುದಿತ್ತು. ನಡೆದೆ."

ಓಡಿದ್ದರೂ ಆತ ಉಳಿಯುತ್ತಿರಲಿಲ್ಲ ಎಂದು ಆಸ್ಪತ್ರೆಯಲ್ಲಿ ಹೇಳಿದ್ದರಂತೆ. ಅದನ್ನೂ ಅವನೇ ಹೇಳಿದ. "ಅದು ಬೇರೆ ವಿಷಯ," ಎಂದ. "ಅಮ್ಮನಿಗೆ ಗೊತ್ತಾದ ದಿನ ನಾನು ಅವಳ ಎದುರು ನಿಲ್ಲಲಿಕ್ಕಿಲ್ಲ. ಊರು ಬಿಟ್ಟು ಹೋಗ್ತೇನೆ."

ಮಾಷ್ಟ್ರು ಆಗ ಅವನ ಬೆನ್ನ ಮೇಲೆ ಕೈಯಿಟ್ಟರು. ಬಹಳ ಹೊತ್ತು ತೆಗೆಯಲಿಲ್ಲ. ಬಸ್ಸು ಬಂತು. ಆ ಮಾತನ್ನು ಕೇಳಿದವರು ನಾವಿಬ್ಬರೇ.

ಈಗ ಆ ಭಾನುವಾರ.

ಪೀಠಿಕೆ ಮುಗಿಯುವ ಮೊದಲೇ ಕರೆಂಟು ಹೋಯಿತು. ಮೈಕು ಸತ್ತಿತು, ನನ್ನ ಶ್ರುತಿ ಪೆಟ್ಟಿಗೆಯೂ ಸುಮ್ಮನಾಯಿತು. ಮಂದಿರದ ಹಾರ್ಮೋನಿಯಂ ತಂದು ಒಬ್ಬ ಭಜನೆಯವರನ್ನು ಶ್ರುತಿಗೆ ಕೂರಿಸಿದೆವು. ಮಾಡಿನ ಶೀಟಿನ ಮೇಲೆ ಮಳೆಯ ಶಬ್ದ. ಹಿಂದೆ ಕೂತವರಿಗೆ ಏನೂ ಕೇಳುತ್ತಿರಲಿಲ್ಲ. "ಎಲ್ಲ ಮುಂದೆ ಬನ್ನಿ, ವೇದಿಕೆಗೆ ತಾಗಿ ಕೂತುಕೊಳ್ಳಿ," ಎಂದು ಡಾಕ್ಟರು ಎದ್ದು ಕರೆದರು. ಜನ ಚಾಪೆ ಎಳೆದುಕೊಂಡು ಮುಂದೆ ಬಂದರು. ಹಿಂದಿನ ಕಂಬದ ಹತ್ತಿರ ನೆರೆಮನೆಯ ಹೆಂಗಸಿನೊಂದಿಗೆ ಕೂತಿದ್ದ ಕಿರಿಯವನ ತಾಯಿಯೂ ಬಂದರು. ಮಗನ ಕೂಟಕ್ಕೆ ಅವರು ಬರುವುದು ಅಪರೂಪ. ಹತ್ತಿರದಲ್ಲೇ ಆದ್ದರಿಂದ ಬಂದಿದ್ದರು. ಅವರಿಗೆ ಸಿಕ್ಕಿದ ಜಾಗ ಮುಂದಿನ ಸಾಲಿನಲ್ಲಿ, ನನಗೆ ನೇರ ಎದುರಿಗೆ. ಮಾಷ್ಟ್ರು ಅವರನ್ನು ನೋಡಿ ಕೈಮುಗಿದರು. ಅದನ್ನು ನಾನು ಕಂಡಿದ್ದೇನೆ. ಆಮೇಲೆ ನಡೆದದ್ದು ಮಾಷ್ಟ್ರಿಗೆ ಗೊತ್ತಿಲ್ಲದೆ ಆದದ್ದು ಎಂದು ಹೇಳಲು ನನಗೆ ಸಾಧ್ಯವಾಗದಿರುವುದು ಇದರಿಂದ.

ಮೊದಲ ಭಾಗ ಚೆನ್ನಾಗಿ ಹೋಯಿತು. ವಿವೇಕನಾಗಿ ಡಾಕ್ಟರು ಕ್ರೋಧನನ್ನು ಬಾಗಿಲಲ್ಲಿ ನಿಲ್ಲಿಸಿ ರಕ್ತದೊತ್ತಡ ನೋಡಿದರು. ಜನ ನಕ್ಕರು. ಆಮೇಲೆ ನಾನು ಮತ್ಸರನ ಪ್ರವೇಶದ ಪದ್ಯ ಹಾಡಿದೆ. ಮಾಷ್ಟ್ರು ಶಾಲು ಸರಿಮಾಡಿಕೊಂಡು ಬಹಳ ಮೆಲ್ಲಗೆ ಶುರುಮಾಡಿದರು. ಅಷ್ಟು ಮೆಲ್ಲಗೆ ಅವರು ಮಾತಾಡಿದ್ದನ್ನು ನಾನು ಕೇಳಿಯೇ ಇರಲಿಲ್ಲ.

"ಸುಜನ ಮಹಾರಾಜ, ನಿನ್ನ ಕೋಟೆಗೆ ಏಳು ಬಾಗಿಲು. ನಾನು ಯಾವುದರಿಂದಲೂ ಬಂದವನಲ್ಲ. ನೀನು ತೊಟ್ಟಿಲಲ್ಲಿದ್ದಾಗ, ನಿನ್ನನ್ನು ಬಿಟ್ಟು ಇನ್ನೊಬ್ಬನ ತಲೆ ನೇವರಿಸುತ್ತಿದ್ದ ಕೈಯನ್ನು ಒಮ್ಮೆ ನೋಡಿದೆಯಲ್ಲ? ಆ ನೋಟದಲ್ಲಿ ನಾನು ಹುಟ್ಟಿದೆ. ನಿನಗೂ ನನಗೂ ಒಂದೇ ವಯಸ್ಸು."

ನಾನು ಆ ಮಾತಿನ ಚೆಲುವಿಗೆ ತಲೆದೂಗಿದೆ. ಒಳ್ಳೆಯ ಅರ್ಥ ಎಲ್ಲಿ ಮುಗಿದು ಬೇರೆ ಏನೋ ಎಲ್ಲಿ ಶುರುವಾಯಿತು ಎಂದು ಗೆರೆ ಎಳೆಯಲು ಇವತ್ತಿಗೂ ನನಗೆ ಬರುವುದಿಲ್ಲ.

"ಯಾರ ತಲೆ ಎಂದು ಕೇಳುವುದಿಲ್ಲವೇ?" ಎಂದರು ಮಾಷ್ಟ್ರು. "ನಿನಗೊಬ್ಬ ಅಣ್ಣನಿದ್ದ."

ಡಾಕ್ಟರು ನನ್ನ ಕಡೆ ತಿರುಗಿದರು. ಅವರು ಬರೆದ ಸುಜನನಿಗೆ ಅಣ್ಣನಿಲ್ಲ. ಕಿರಿಯವನು ಆಗ "ಅತಿಥಿಯೇ, ನಿನಗೆ ಮನೆ ತಪ್ಪಿದೆ, ನಾನು ಒಬ್ಬನೇ ಮಗ" ಎಂದಿದ್ದರೆ ಮಾತು ಅಲ್ಲಿಗೆ ಮುಗಿಯುತ್ತಿತ್ತು. ಪಾತ್ರದ ಮಟ್ಟಿಗೆ ಅದು ಸರಿಯಾದ ಉತ್ತರವೂ ಹೌದು. ಅವನು ಮುಂದಿನ ಸಾಲಿನ ಕಡೆ ನೋಡಿದ. ಆಮೇಲೆ ಹೇಳಿದ: "ಇದ್ದ."

"ಅವನಿಗೆ ವಿಷ ಮುಟ್ಟಿದ ದಿನ ರಥ ಕರೆತರಲು ಓಡಿದವನು ನೀನು. ಹೌದೇ? ಅರಮನೆ ಕಣ್ಮರೆಯಾಗುವ ತನಕ ಓಡಿದೆ. ಆಮೇಲೆ? ಆಮೇಲೆ ಗದ್ದೆಯ ಹುಣಿಯ ಮೇಲೆ, ಆ ಕಿರಿದಾದ ಬದುವಿನಲ್ಲಿ, ಓಡಬೇಕಾಗಿದ್ದ ಎರಡು ಕಾಲುಗಳನ್ನು ನಡೆಸಿದವನು ಯಾರು ಬಲ್ಲೆಯಾ?" ಮಾಷ್ಟ್ರು ಎದೆಯ ಮೇಲೆ ಕೈಯಿಟ್ಟರು. "ನಾನು."

ಜನ ಚಪ್ಪಾಳೆ ತಟ್ಟಿದರು. ಅವರನ್ನು ದೂರಲಾಗದು. ಗುಣವೊಂದಕ್ಕೆ ಹೀಗೆ ಜೀವ ತುಂಬಿದ ಅರ್ಥವನ್ನು ಅವರು ಕೇಳಿರಲಿಲ್ಲ. ಹೆಸರಿಗೆ ರಕ್ತ ಸಿಕ್ಕಿತ್ತು. ಸ್ಟುಡಿಯೋದವರು ಮೊಣಕಾಲ ಮೇಲೆ ಎದ್ದು ಫೋನನ್ನು ಮಾಷ್ಟ್ರ ಮುಖದ ಹತ್ತಿರ ತಂದರು.

ನಾನು ಕಿರಿಯವನ ಕೆನ್ನೆಯನ್ನು ನೋಡಿದೆ. ಅದು ಬಣ್ಣ ಕಳೆದುಕೊಂಡಿತ್ತು. ಬಾಯಿ ಸ್ವಲ್ಪ ತೆರೆದಿತ್ತು, ಮಾತು ಇರಲಿಲ್ಲ. ಎಂಥ ಸಭೆಯಲ್ಲೂ ಮಾತಿಗೆ ತಡಕಾಡದ ಹುಡುಗ. ಆಗ ನನ್ನೊಳಗೆ ಒಂದು ತಂಪು ಇಳಿಯಿತು. ಬಿಸಿಲಲ್ಲಿ ನಡೆದು ಬಂದವನಿಗೆ ಬಾವಿಯ ನೀರು ಗಂಟಲಿಗಿಳಿದ ಹಾಗೆ. ಅದು ಎಷ್ಟು ಹೊತ್ತು ಇತ್ತು ಎಂದು ಅಳೆಯಲಾರೆ. ಇತ್ತು ಎಂಬುದು ಮಾತ್ರ ಖಂಡಿತ.

"ನಡೆದೆಯೋ ಇಲ್ಲವೋ?" ಮಾಷ್ಟ್ರ ದನಿ ಏರಿತು. "ನಿನ್ನನ್ನು ಹೆತ್ತವಳು ಈ ಸಭೆಯಲ್ಲಿದ್ದರೆ ಅವಳ ಮುಖ ನೋಡಿ ಹೇಳಬಲ್ಲೆಯಾ? ಹೇಳಲಾರೆ. ನೀನು ಬಾಯಿ ಮುಚ್ಚಿದಷ್ಟು ಕಾಲವೂ ಈ ಕೋಟೆ ನನ್ನದು. ಯುದ್ಧವಿಲ್ಲದೆ, ಒಂದು ಬಾಣವಿಲ್ಲದೆ, ಸುಜನಾ, ನಾನು ಗೆದ್ದೆ."

ಅದು ಕೊಂಡಿ. "ಗೆದ್ದೆನು" ಪದ್ಯಕ್ಕೆ. ಅವರು ನನ್ನ ಕಡೆ ನೋಡಿದರು.

ಒಪ್ಪಿದ ಕ್ರಮದಲ್ಲಿ ನಾನು ಅದನ್ನು ಏಕತಾಳದಲ್ಲಿ ಎತ್ತಬೇಕು, ಅದರ ಮೇಲೆ ಮಂಗಳ ಹಾಡಬೇಕು. ಕಿರಿಯವನಿಗೆ ಮತ್ತೆ ಮಾತಿಲ್ಲ. ಮಾತಿಲ್ಲದೆ ಅವನು ಎದ್ದು ಕೆಳಗಿಳಿಯಬೇಕು, ಅಲ್ಲಿ ತಾಯಿ ಇದ್ದಾರೆ. ಕೊನೆಯ ಪದ್ಯವನ್ನು ಎತ್ತಿದರೂ ಅದು ಉಪಕಾರವೇ ಎಂದು ಹೇಳುವಂತಿರಲಿಲ್ಲ. ಆ ಪದ್ಯ ಬಂದರೆ ಅವನು ಅರ್ಥ ಹೇಳಲೇಬೇಕು. ಬಾಯಿ ಬಾರದಿದ್ದರೆ ಇನ್ನೂ ಕೆಟ್ಟದ್ದು. ಇಷ್ಟೆಲ್ಲ ನಾನು ಆಗ ಯೋಚಿಸಿದೆನೆಂದು ಹೇಳಿದರೆ ಸುಳ್ಳಾಗುತ್ತದೆ. ಆಗ ನನಗೆ ಬಂದದ್ದು ನೀಲಾಂಬರಿಯ ಆ ಮೊದಲ ಸ್ವರ. ಗಂಟಲಿನಲ್ಲಿ ಬಂದು ಕೂತಿತ್ತು.

ಜಾಗಟೆ ತಟ್ಟಿದೆ. ಝಂಪೆ ತಾಳದ ನಡೆ. ಮದ್ದಳೆಗಾರನ ಬೆರಳು ಏಕತಾಳಕ್ಕೆ ತಯಾರಾಗಿತ್ತು. ಒಂದು ಪೆಟ್ಟು ತಪ್ಪು ಬಿತ್ತು. ಅವನು ನನ್ನ ಮುಖ ನೋಡಿದ, ನಾನು ಕೈಯಲ್ಲಿ ಝಂಪೆ ತೋರಿಸಿದೆ, ಎರಡನೇ ಆವರ್ತಕ್ಕೆ ಬಂದು ಸೇರಿಕೊಂಡ. ಮಾಷ್ಟ್ರು ಕತ್ತು ಪೂರ್ತಿ ತಿರುಗಿಸಿದರು. ಸ್ಟುಡಿಯೋದವರು ಎಂದಿನ ಹಾಗೆ ಫೋನನ್ನು ಕಿಸೆಗೆ ಹಾಕಿದರು.

ಬಾರಯ್ಯ ಮತ್ಸರನೆ ಬಾಗಿಲಲಿ ನಿಲಬೇಡ
ಯಾರೆಂದು ಕೇಳೆನೈ ಬಲ್ಲೆ ನಾ ನಿನ್ನ
ಊರವರ ಕಣ್ಮರೆಸಿ ಉಣಿಸಿದೆನು ಇಷ್ಟು ದಿನ
ಮೋರೆಯನು ತೋರಿ ಕುಳಿತುಣ್ಣು ನೀ ಇನ್ನು

ಎರಡು ಸಲ ಹಾಡಿದೆ. ಎರಡನೆಯ ಸಲ ಬೇಕೆಂದೇ ನಿಧಾನ ಮಾಡಿದೆ. ಅವನಿಗೆ ಹೊತ್ತು ಸಿಗಲಿ ಎಂದು ಎನ್ನಲೇ, ನನ್ನ ಧಾಟಿ ಪೂರ್ತಿ ಕೇಳಲಿ ಎಂದು ಎನ್ನಲೇ? ಎರಡೂ ಇತ್ತು. ಮುಗಿಸಿ ಜಾಗಟೆಯನ್ನು ತೊಡೆಯ ಮೇಲಿಟ್ಟೆ. ಮಳೆ ಕಡಿಮೆಯಾಗಿತ್ತು.

ಡಾಕ್ಟರು ವಿವೇಕನಾಗಿ ಏನೋ ಹೇಳಿ ನಡುವಿನ ಹೊತ್ತು ತುಂಬಲು ಬಾಯಿ ತೆರೆದರು. ನಾನು ಕೈ ಅಡ್ಡ ಹಿಡಿದೆ. ಆಮೇಲೆ ಕಿರಿಯವನು ಮಾತಾಡಿದ. ನೆನಪಿರುವಷ್ಟನ್ನು ಬರೆಯುತ್ತೇನೆ. ಮರೆತದ್ದನ್ನು ಚಂದ ಮಾಡಿ ತುಂಬುವುದಿಲ್ಲ.

"ಅತಿಥಿಯೇ, ನೀನು ಹೇಳಿದ್ದರಲ್ಲಿ ನಿಜ ಇದೆ. ಅಂದು ನಾನು ನಡೆದೆ. ಓಡಬಹುದಿತ್ತು, ನಡೆದೆ. ಹೆತ್ತವಳ ಎದುರು ಹೇಳಬಲ್ಲೆಯಾ ಎಂದು ನೀನು ಕೇಳಿದೆ. ಇದೋ, ಹೇಳಿದೆ." ಇಷ್ಟು ಹೇಳುವಾಗ ಅವನು ಮಾಷ್ಟ್ರನ್ನು ನೋಡಲಿಲ್ಲ, ಮುಂದಿನ ಸಾಲನ್ನು ನೋಡುತ್ತಿದ್ದ. ಆಮೇಲೆ ಮಾಷ್ಟ್ರ ಕಡೆ ತಿರುಗಿದ. "ಆದರೆ ನೀನು ಒಂದು ಸುಳ್ಳು ಹೇಳಿದೆ. ನಡೆಸಿದವನು ನಾನು ಎಂದೆ. ಅಲ್ಲ. ಕಾಲು ನನ್ನದು. ನಡೆದವನು ನಾನು. ನಿನ್ನನ್ನೊಂದು ಪಾತ್ರ ಮಾಡಿ, ಎದುರಿಗೆ ಕೂರಿಸಿ, ಇವನೇ ಮಾಡಿಸಿದ ಎಂದು ಬೆರಳು ತೋರಿಸಿದರೆ ನಾನು ಹಗುರಾಗುತ್ತೇನೆ. ಆ ಹಗುರ ನನಗೆ ಬೇಡ. ನಿನಗೂ ಬೇಡ. ನಾಳೆ ನೀನು ಯಾರದೋ ಮನೆಯಲ್ಲಿ ಹೀಗೆಯೇ ಮಾತಾಡಿ, ಆಮೇಲೆ, ಅದು ನಾನಲ್ಲ, ನನ್ನೊಳಗೆ ಬಂದು ಕೂತವನು ಎಂದು ಹೇಳಬಾರದು."

ಮತ್ತೂ ಕೆಲವು ಮಾತು ಹೇಳಿದ, ನನಗೆ ನೆನಪಿಲ್ಲ. ಈ ವಿಷಯವನ್ನು ತಾನು ಯಾರಲ್ಲಿ ಹೇಳಿದ್ದೆ ಎಂದು ಮಾತ್ರ ಹೇಳಲಿಲ್ಲ. ಹೇಳಿಯಾನು ಎಂದು ನಾನು ಕಾಯುತ್ತಿದ್ದೆ. ಕೊನೆಗೆ, "ತುಂಬ ಹೊತ್ತು ಮಾತಾಡಿದ್ದೀ, ಬಾಯಾರಿದೆ ನಿನಗೆ. ಒಳಗೆ ಬಾ," ಎಂದು ತನ್ನ ಪಕ್ಕದಲ್ಲಿದ್ದ ಜೀರಿಗೆ ನೀರಿನ ಲೋಟವನ್ನು ಚಾಪೆಯ ಮೇಲೆ ಮಾಷ್ಟ್ರ ಕಡೆ ಸರಿಸಿದ.

ತಾಳಮದ್ದಳೆಯಲ್ಲಿ ಹಾಗೆ ಮಾಡುವ ಕ್ರಮ ಇಲ್ಲ. ಕೊಡುವುದನ್ನೂ ತೆಗೆದುಕೊಳ್ಳುವುದನ್ನೂ ಮಾತಿನಲ್ಲೇ ಹೇಳುವುದು. ಮಾಷ್ಟ್ರು ಲೋಟವನ್ನು ನೋಡಿದರು. ಎರಡೂ ಕೈಯಲ್ಲಿ ಎತ್ತಿಕೊಂಡರು. "ಸುಜನಾ," ಎಂದರು. ಕುಡಿಯಲೂ ಇಲ್ಲ, ಕೆಳಗಿಡಲೂ ಇಲ್ಲ. ನನ್ನ ಕಡೆ ನೋಡಿದರು. ನಾನು ಮಂಗಳ ಹಾಡಿದೆ.

ಈ ಸಲ ಚಪ್ಪಾಳೆ ಕಡಿಮೆ. ಏನು ನಡೆಯಿತೆಂದು ಜನರಿಗೆ ಪೂರ್ತಿ ಅರ್ಥವಾಗಿರಲಿಲ್ಲ. ಡಾಕ್ಟರು ನನ್ನ ಹತ್ತಿರ ಬಂದು, "ಸುಜನನಿಗೆ ಅಣ್ಣ ಎಲ್ಲಿಂದ ಬಂದ ಮಾರಾಯ್ರೆ? ನಾನು ಬರೀಲೇ ಇಲ್ಲ," ಎಂದರು. ಉತ್ತರಕ್ಕೆ ಕಾಯಲಿಲ್ಲ. ಅರ್ಥವಾಗಿತ್ತು ಅವರಿಗೆ.

ಮಾಷ್ಟ್ರು ಹಿಂದಿನ ಕೋಣೆಯಲ್ಲಿ ಅಂಗಿ ಹಾಕಿಕೊಳ್ಳುತ್ತಿದ್ದರು. ನಾನು ಜಾಗಟೆಯನ್ನು ಚೀಲಕ್ಕೆ ಹಾಕುತ್ತಿದ್ದೆ. ಅವರು ಗುಂಡಿ ಹಾಕುತ್ತಲೇ ಹೇಳಿದರು: "ಆ ಪದ್ಯ ಬಿಡುವುದು ಅಂತ ಆಗಿತ್ತಲ್ಲ ಭಾಗವತ್ರೆ."

"ಬಾಯಿಗೆ ಅದೇ ಬಂತು ಮಾಷ್ಟ್ರೆ."

"ಸುಳ್ಳು ಹೇಳ್ಬೇಡಿ. ಯಾರ ಮೇಲೆ ಹೊಟ್ಟೆಕಿಚ್ಚು? ನನ್ನ ಮೇಲೆಯಾ, ಅವನ ಮೇಲೆಯಾ?"

"ಇಬ್ಬರ ಮೇಲೂ," ಎಂದೆ.

ಅವರು ತಲೆಯಾಡಿಸಿದರು. "ಧಾಟಿ ಚಂದ ಉಂಟು," ಎಂದರು. ಛತ್ರಿ ತೆಗೆದುಕೊಂಡು ಹೋದರು. ಆ ಪ್ರಸಂಗಕ್ಕೆ ಅವರು ಮತ್ತೆ ಅರ್ಥ ಹೇಳಲಿಲ್ಲ.

ಹೊರಗೆ ಜಗಲಿಯಲ್ಲಿ ತಾಯಿ ಕಂಬ ಹಿಡಿದು ನಿಂತಿದ್ದರು. ಮಗ ಎರಡು ಮೆಟ್ಟಿಲು ಕೆಳಗೆ, ಮಳೆಯಲ್ಲಿ. ಹತ್ತಿರ ಹೋಗಲು ಅವನಿಗೆ ಧೈರ್ಯವಿರಲಿಲ್ಲ. ನಾನು ಬಾಗಿಲಲ್ಲೇ ನಿಂತೆ.

"ನಿನ್ನ ಕಾಲಲ್ಲಿ ಚಪ್ಪಲಿ ಇತ್ತಾ ಅವತ್ತು?" ಎಂದು ಕೇಳಿದರು ತಾಯಿ.

"ಇಲ್ಲಮ್ಮ."

"ಹುಣಿಯಲ್ಲಿ ಕೆಸರಿತ್ತು. ಓಡಿದ್ರೆ ಬೀಳ್ತಿದ್ದೆ."

"ಓಡಬಹುದಿತ್ತು ಅಮ್ಮ."

ತಾಯಿ ಛತ್ರಿ ಬಿಡಿಸಿ, "ನೆನಿಬೇಡ. ಇದರೊಳಗೆ ಬಾ. ಬಸ್ಸು ಹೋಗ್ತದೆ," ಎಂದರು. ಅವನು ಛತ್ರಿಯೊಳಗೆ ಬಂದ. ಇಬ್ಬರೂ ರಸ್ತೆಯ ಕಡೆ ಇಳಿದು ಹೋದರು. ಅದಕ್ಕಿಂತ ಹೆಚ್ಚು ಮಾತು ಅವರ ನಡುವೆ ಆ ದಿನ ನಡೆಯಿತೋ ಇಲ್ಲವೋ ನನಗೆ ತಿಳಿಯದು. ಅವನು ಊರು ಬಿಡಲಿಲ್ಲ. ಅಂಗಡಿ ಈಗಲೂ ಅಲ್ಲೇ ಇದೆ.

ಆ ತುಣುಕು ಮರುದಿನವೇ ಹೊರಟಿತು. "ನಿನಗೊಬ್ಬ ಅಣ್ಣನಿದ್ದ" ಎಂಬಲ್ಲಿಂದ "ನಾನು ಗೆದ್ದೆ" ತನಕ. ಕೊನೆಯಲ್ಲಿ ನನ್ನ ಜಾಗಟೆಯ ಒಂದು ಪೆಟ್ಟು. ಗಲ್ಫಿನಲ್ಲಿ, ಮುಂಬಯಿಯಲ್ಲಿ, ಎಲ್ಲೆಲ್ಲೋ ನೋಡಿದರು. ಮತ್ಸರನಿಗೆ ಇದಕ್ಕಿಂತ ದೊಡ್ಡ ಅರ್ಥ ಇಲ್ಲ ಎಂದರು. ಗುರುವಿನ ಎದುರು ಶಿಷ್ಯನಿಗೆ ಬಾಯಿ ಬರಲಿಲ್ಲ ನೋಡಿ ಎಂದರು. ಈಗಲೂ ಹೇಳುತ್ತಾರೆ. ಪದ್ಯ ಮುಗಿದ ಮೇಲೆ ಫೋನ್ ಯಾಕೆ ಎತ್ತಲಿಲ್ಲ ಎಂದು ನಾನು ಸ್ಟುಡಿಯೋದವರನ್ನು ಕೇಳಿದೆ. "ಎತ್ತುವ ಅಂತ ಕಿಸೆಗೆ ಕೈ ಹಾಕಿದೆ ಭಾಗವತ್ರೆ," ಎಂದರು. "ಅವನ ಮುಖ ನೋಡಿ ಕೈ ಬರ್ಲಿಲ್ಲ." ಹಾಗಾಗಿ ಉತ್ತರ ಎಲ್ಲೂ ಉಳಿದಿಲ್ಲ, ಕೇಳಿದವರ ತಲೆಯಲ್ಲಿ ಬಿಟ್ಟು.

ಮಾಷ್ಟ್ರು ಎರಡು ವರ್ಷದ ಮೇಲೆ ತೀರಿಕೊಂಡರು. ಅವರು ಹಾಸಿಗೆ ಹಿಡಿದಿದ್ದಾಗ ಅವರ ಮನೆಯ ಬಾವಿಯ ಮೋಟಾರು ಕೆಟ್ಟಿತ್ತು, ಹೋಗಿ ಸರಿ ಮಾಡಿ ಬಂದವನು ಕಿರಿಯವನೇ. ಒಳಗೆ ಹೋಗಿ ಅವರನ್ನು ಮಾತಾಡಿಸಿದನೋ ಎಂದು ನಾನು ಕೇಳಿಲ್ಲ.

ಆ ಉತ್ತರವನ್ನು ಕೇಳಿದವರಲ್ಲಿ ನನಗೆ ಗುರುತಿದ್ದು ಈಗ ಇರುವವರು ಇವರು. ಮದ್ದಳೆಗಾರ ಇದ್ದಾನೆ, ಅಗಲ್ಪಾಡಿಯಲ್ಲಿ. ಆ ತಪ್ಪು ಬಿದ್ದ ಪೆಟ್ಟಿನ ಬಗ್ಗೆ ಇನ್ನೂ ನನ್ನನ್ನು ಬೈಯುತ್ತಾನೆ. ಡಾಕ್ಟರು ಇದ್ದಾರೆ. ಸುಜನನಿಗೆ ಒಬ್ಬ ಅಣ್ಣನನ್ನು ಪ್ರಸಂಗದಲ್ಲಿ ಸೇರಿಸಿ, ಆಮೇಲೆ ಹೊಡೆದುಹಾಕಿದ್ದಾರೆ. ಹಾರ್ಮೋನಿಯಂ ಹಿಡಿದ ಭಜನೆಯವರು ಇದ್ದಾರೆ. ನೆರೆಮನೆಯ ಹೆಂಗಸು ಇದ್ದಾರೆ, ಕೇಳಿದರೆ ಅವರು ಏನೂ ಹೇಳುವುದಿಲ್ಲ. ಸ್ಟುಡಿಯೋದವರು ಇದ್ದಾರೆ.

ತಾಯಿ ಇದ್ದಾರೆ. ನಾನು ನೀಲಾಂಬರಿ ಹಾಡುವಾಗ ಅವರು ಮೊಣಕಾಲ ಮೇಲೆ ಬೆರಳಿನಿಂದ ಝಂಪೆ ಹಾಕುತ್ತಿದ್ದರು, ಸರಿಯಾಗಿ, ಮದ್ದಳೆಗಾರನಿಗಿಂತ ಮೊದಲೇ ತಾಳ ಹಿಡಿದಿದ್ದರು. ಮಗ "ನಡೆದೆ" ಎಂದಾಗ ಆ ಬೆರಳು ಎತ್ತಿದ್ದು ಎತ್ತಿದ ಹಾಗೆಯೇ ನಿಂತಿತು. ಮಂಗಳದ ತನಕ ಕೆಳಗಿಳಿಯಲಿಲ್ಲ. ಅದನ್ನು ಕಂಡವನು ನಾನೊಬ್ಬನೇ, ನಾನೂ ಇನ್ನೂ ಇದ್ದೇನೆ.